ಎರವಲು ಕುದುರೆ, ಸೌಮ್ಯ ಸವಾರ

(ಗರಿಗಳ ಭಾನುವಾರದ ಪ್ರಬೋಧನೆ)



ಕೈಯಲ್ಲಿ ಗರಿ ಹಿಡಿದು, ಹೊಸಾನ್ನ ಹಾಡುತ್ತಾ ನಾವು ಇಂದು ದೇವಾಲಯ ಪ್ರವೇಶಿಸಿದ್ದೇವೆ. ಯುದ್ಧ ಗೆದ್ದ ಅರಸರು ಕುದುರೆಯೇರಿ ಮೆರೆಯುತ್ತಿದ್ದ ಕಾಲದಲ್ಲಿ ಯೇಸುಸ್ವಾಮಿ ಜೆರುಸಲೇಮಿಗೆ ಬಂದದ್ದು ಕತ್ತೆಮರಿಯ ಮೇಲೆ. ಅದೂ ಸ್ವಂತದ್ದಲ್ಲ, ಎರವಲು ತಂದದ್ದು. ಬೇಗನೆ ಹಿಂದಕ್ಕೆ ಕಳುಹಿಸುವುದಾಗಿ ಹೇಳಿಯೇ ಅದನ್ನು ತರಿಸಿಕೊಂಡರೆಂದು ಸಂತ ಮಾರ್ಕರು ಬರೆಯುತ್ತಾರೆ. ಅದುವರೆಗೆ ಅದರ ಮೇಲೆ ಯಾರೂ ಕುಳಿತಿರಲಿಲ್ಲ. ಪಳಗದ ಮರಿ, ಸುತ್ತಲೂ ಜನರ ಕೂಗು. ಆದರೂ ಪ್ರಭು ಅದನ್ನು ಹೊಡೆದರೆಂದು ಶುಭಸಂದೇಶ ಎಲ್ಲಿಯೂ ಹೇಳುವುದಿಲ್ಲ.

ಇಂತಹ ಎರವಲು ಸವಾರಿ ಇಂದಿನ ಯುವಜನರ ಕುದುರೆ ಸ್ಪರ್ಧೆಯಲ್ಲಿಯೂ ಉಂಟು. 2010ರಲ್ಲಿ ಸಿಂಗಪುರದಲ್ಲಿ ಮೊದಲ ಯುವ ಒಲಿಂಪಿಕ್ಸ್ ನಡೆಯಿತು. ಕುದುರೆಯೇರಿ ತಡೆಗಳನ್ನು ಹಾರುವ ಸ್ಪರ್ಧೆಗೆ ಬಂದ ಹುಡುಗ ಹುಡುಗಿಯರು ತಮ್ಮ ಕುದುರೆ ತರುವಂತಿರಲಿಲ್ಲ. ಆಯೋಜಕರು ಕೊಟ್ಟ ಕುದುರೆಯನ್ನೇ ಏರಬೇಕಿತ್ತು. 2018ರಲ್ಲಿ ಬ್ಯೂನಸ್ ಐರಿಸ್‌ನಲ್ಲಿಯೂ ಹೀಗೆಯೇ. ತಂಡಗಳೂ ದೇಶವಾರು ಅಲ್ಲ, ಖಂಡವಾರು. ತಂಡದಲ್ಲಿ ಜೊತೆಗಾರನಾದವನೇ ವೈಯಕ್ತಿಕ ಸ್ಪರ್ಧೆಯಲ್ಲಿ ಎದುರಾಳಿ. ಅವನನ್ನು ದ್ವೇಷಿಸುವುದಾದರೂ ಹೇಗೆ?

ಎರವಲು ಕುದುರೆಯ ಮೇಲೆ ಕುಳಿತವನಿಗೆ ಒಂದು ಸತ್ಯ ಬೇಗ ತಿಳಿಯುತ್ತದೆ: ಗೆಲುವು ತನ್ನೊಬ್ಬನದಲ್ಲ. ಕುದುರೆ ಸಾಕಿದವರು, ಲಾಯ ಗುಡಿಸಿದವರು, ಕಲಿಸಿದ ಗುರುಗಳು, ತಂದೆತಾಯಿ, ಕೊನೆಗೆ ಆ ಮೂಕಪ್ರಾಣಿ, ಎಲ್ಲರ ಪಾಲೂ ಅದರಲ್ಲಿದೆ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಪದಕ ಗೆದ್ದಾಗ, ಆ ಪದಕಕ್ಕಾಗಿ ಬೆವರು ಸುರಿಸಿದ್ದು ಕುದುರೆಯೂ ಹೌದಲ್ಲವೇ? ನಮ್ಮ ಮಕ್ಕಳ ಬುದ್ಧಿ, ಬಲ, ಕಂಠ, ಎಲ್ಲವೂ ದೇವರಿಂದ ಎರವಲು ಬಂದವು. ಎರವಲು ವಸ್ತುವಿನ ಮೇಲೆ ಜಂಭ ಸಲ್ಲದು.

ಈ ಸತ್ಯ ಮರೆತರೆ ಏನಾಗುತ್ತದೆ? 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಪೆಂಟಾಥ್ಲಾನ್ ಎಂಬ ಐದು ಆಟಗಳ ಸ್ಪರ್ಧೆಯನ್ನು ನೆನೆಯೋಣ. ಅಲ್ಲಿಯೂ ಕುದುರೆ ಸಿಕ್ಕುತ್ತಿದ್ದುದು ಚೀಟಿ ಎತ್ತಿ. ಕತ್ತಿವರಸೆ, ಈಜು ಮುಗಿದಾಗ ಎಲ್ಲರಿಗಿಂತ ಮುಂದಿದ್ದ ಜರ್ಮನಿಯ ಕ್ರೀಡಾಪಟುವಿನ ಪಾಲಿಗೆ ಬಂದ ಕುದುರೆ ಬೆದರಿ, ತಡೆ ಹಾರಲು ಒಪ್ಪಲಿಲ್ಲ. ಆಕೆ ಅಳುತ್ತಾ ಚಾಟಿ ಬೀಸಿದರು. ಹೊಡೆಯೆಂದು ಕೂಗಿದ ತರಬೇತುದಾರರು ತಾವೂ ಕುದುರೆಗೆ ಗುದ್ದಿದರು. ಪದಕ ಕೈತಪ್ಪಿತು. ತರಬೇತುದಾರರನ್ನು ಕೂಟದಿಂದ ಹೊರಗಿಟ್ಟರು. 2024ರ ಪ್ಯಾರಿಸ್ ಒಲಿಂಪಿಕ್ಸ್ ನಂತರ ಆ ಸ್ಪರ್ಧೆಯಿಂದ ಸವಾರಿಯನ್ನೇ ಕೈಬಿಡಲಾಯಿತು. ನಾವು ಅವರನ್ನು ತೀರ್ಪು ಮಾಡುವುದು ಬೇಡ. ವರ್ಷಗಳ ಶ್ರಮ ಕಣ್ಣೆದುರೇ ಜಾರುವಾಗ ಯಾರ ಕೈಯಾದರೂ ನಡುಗೀತು. ಆದರೆ ಸೋಲಿನ ಸಿಟ್ಟು ಯಾವಾಗಲೂ ತನಗಿಂತ ಬಲಹೀನರ ಮೇಲೆ ಬೀಳುತ್ತದೆಂಬುದನ್ನು ಗಮನಿಸೋಣ. ನೀತಿವಂತನಿಗೆ ತನ್ನ ಪಶುವಿನ ಮೇಲೂ ಕಾಳಜಿಯಿದೆ ಎಂದು ಜ್ಞಾನೋಕ್ತಿಗಳ ಗ್ರಂಥ ಕಲಿಸುತ್ತದೆ.

ತಂದೆತಾಯಿಗಳೇ, ನಮ್ಮ ಮಕ್ಕಳಲ್ಲಿ ಕುದುರೆಯೇರುವವರು ಕೆಲವೇ ಮಂದಿ. ಆದರೆ ಶಾಲೆಯ ಓಟದಲ್ಲೋ ಧರ್ಮಕೇಂದ್ರದ ಬೈಬಲ್ ರಸಪ್ರಶ್ನೆಯಲ್ಲೋ ಸೋತು ಬರುವವರು ಬಹಳ. ಸೋತ ಮಗುವಿಗೆ ಮನೆಯಲ್ಲಿ ಸಿಗುವ ಮೊದಲ ಮಾತು ಯಾವುದು? ಚಾಟಿ ಕೈಯಲ್ಲಿರದಿದ್ದರೂ ನಾಲಿಗೆಯಲ್ಲಿರಬಹುದು. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿ ಆಡಿದ ಒಂದು ಮಾತು ಎಳೆಯ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ.

ಮಕ್ಕಳೇ, ಒಳ್ಳೆಯ ಸವಾರ ಗೆದ್ದರೂ ಸೋತರೂ ಇಳಿದೊಡನೆ ಕುದುರೆಯ ಕುತ್ತಿಗೆ ಸವರುತ್ತಾನೆ. ತನ್ನ ದಣಿವಿಗಿಂತ ಮೊದಲು ಅದರ ದಣಿವನ್ನು ನೋಡುತ್ತಾನೆ. ಗೆದ್ದವನ ಕೈಕುಲುಕುತ್ತಾನೆ, ತೀರ್ಪುಗಾರರಿಗೆ ವಂದಿಸುತ್ತಾನೆ. ನೀವೂ ಹಾಗೆಯೇ ಮಾಡಿರಿ. ಗೆದ್ದಾಗ ಸೋತವರನ್ನು ಹಂಗಿಸಬೇಡಿ. ಸೋತಾಗ ನೆಪ ಹುಡುಕಬೇಡಿ.

ಇಂದು ಹೊಸಾನ್ನ ಹಾಡಿದ ಪಟ್ಟಣದಲ್ಲೇ ಶುಕ್ರವಾರ ಶಿಲುಬೆಗೇರಿಸೆಂಬ ಕೂಗು ಎದ್ದಿತು. ಜನರ ಚಪ್ಪಾಳೆಯನ್ನು ನೆಚ್ಚಿದವನು ಅದರ ಜೊತೆಗೇ ಬೀಳುತ್ತಾನೆ. ಪ್ರಭುವಾದರೋ ಹೊಗಳಿಕೆಗೆ ಉಬ್ಬಲಿಲ್ಲ, ತೆಗಳಿಕೆಗೆ ತಿರುಗಿ ಬೈಯಲಿಲ್ಲ. ಲೋಕದ ಕಣ್ಣಿಗೆ ಸೋತವರಾಗಿ ಕಂಡರೂ, ಪಿತನ ಚಿತ್ತವನ್ನು ಪೂರೈಸಿ ಗೆದ್ದರು.

ಈ ಪವಿತ್ರ ವಾರದಲ್ಲಿ ಆ ಸೌಮ್ಯ ಸವಾರರು ನಮ್ಮ ಮನೆಗಳನ್ನೂ ಪ್ರವೇಶಿಸಲಿ. ಗೆಲುವಿನಲ್ಲಿ ದೀನತೆಯನ್ನೂ ಸೋಲಿನಲ್ಲಿ ಶಾಂತಿಯನ್ನೂ ನಮ್ಮ ಮಕ್ಕಳಿಗೆ ಅನುಗ್ರಹಿಸಲಿ. ಆಮೆನ್.