ಆಲಿಕಲ್ಲಿನ ತರುವಾಯ ಮನೆಯ ಹೆಂಚು: ರಿಪೇರಿಯ ಖರ್ಚಿನ ಲೆಕ್ಕ

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ವ್ಯವಸಾಯದ ಇಲಾಖೆಯವನು ಬೀಜ, ಗೊಬ್ಬರ, ನೇಗಿಲುಗಳ ವಿಷಯವನ್ನು ಬಿಟ್ಟು ಮನೆಯ ಹೆಂಚಿನ ವಿಷಯವನ್ನು ಹೇಳಲು ನಿಂತಿರುವನಲ್ಲಾ ಎಂದು ತಮ್ಮಲ್ಲಿ ಕೆಲವರು ಆಶ್ಚರ್ಯಪಡಬಹುದು. ಆದರೆ ರೈತನ ಬಿತ್ತನೆಯ ಬೀಜವು ಇರತಕ್ಕದ್ದು ಆ ಹೆಂಚಿನ ಕೆಳಗೆ. ವರ್ಷದ ರಾಗಿ ಇರತಕ್ಕದ್ದೂ ಅಲ್ಲಿಯೇ. ದನಕರುಗಳು ಮಲಗತಕ್ಕದ್ದೂ ಬಹುಮಟ್ಟಿಗೆ ಅಲ್ಲಿಯೇ. ಇದಲ್ಲದೆ ಆಲಿಕಲ್ಲು ಹೊಲವನ್ನೂ ಮನೆಯನ್ನೂ ಒಂದೇ ಗಳಿಗೆಯಲ್ಲಿ ಹೊಡೆಯುತ್ತದೆ. ಬೆಳೆ ಹೋದ ದಿನವೇ ಮನೆಗೆ ಹಣ ಬೇಕಾಗುತ್ತದೆ. ಆ ವಾರದ ಗಾಬರಿಯಲ್ಲಿ ಮಾಡಿದ ಸಾಲವು ಮುಂದಿನ ಬಿತ್ತನೆಯ ಹಣವನ್ನು ನುಂಗಿಬಿಡುವುದನ್ನು ನಾನು ಅನೇಕ ಗ್ರಾಮಗಳಲ್ಲಿ ಕಂಡಿದ್ದೇನೆ. ಆದುದರಿಂದ ಈ ವಿಷಯವು ವ್ಯವಸಾಯಕ್ಕೆ ಹೊರತಾದುದಲ್ಲ.

ನಮ್ಮ ಬಯಲುಸೀಮೆಯಲ್ಲಿ ಆಲಿಕಲ್ಲು ಬೀಳುವುದು ಹೆಚ್ಚಾಗಿ ಮಾರ್ಚಿಯಿಂದ ಮೇ ತಿಂಗಳವರೆಗೆ. ಅಂದರೆ ರೇವತಿ, ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ. 2014ರ ಫೆಬ್ರವರಿಯ ಕೊನೆಯಲ್ಲಿಯೂ ಮಾರ್ಚಿಯಲ್ಲಿಯೂ ಮಹಾರಾಷ್ಟ್ರದ ಅನೇಕ ಜಿಲ್ಲೆಗಳು ಮತ್ತು ಕರ್ನಾಟಕದ ಉತ್ತರದ ಜಿಲ್ಲೆಗಳು ಇದರಿಂದ ಬಹಳ ನಷ್ಟಪಟ್ಟವು. ಒಂದು ಅಂಗುಲ ಗಾತ್ರದ ಕಲ್ಲು ಗಂಟೆಗೆ 40 ಕಿಲೋಮೀಟರಿಗೂ ಮೀರಿದ ವೇಗದಿಂದ ಬೀಳುತ್ತದೆ. ಗಾತ್ರ ಹೆಚ್ಚಿದಂತೆಲ್ಲಾ ವೇಗವೂ ಹೆಚ್ಚುತ್ತದೆ. ಹೆಂಚು ಒಡೆಯುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಗಮನಿಸಬೇಕಾದುದೇನೆಂದರೆ, ಕಲ್ಲು ಗಾಳಿಯೊಡನೆ ಓರೆಯಾಗಿ ಬರುತ್ತದೆ. ಆದಕಾರಣ ಎರಡು ಇಳಿಜಾರಿನ ಮನೆಯಲ್ಲಿ ಗಾಳಿಗೆ ಎದುರಾದ ಇಳಿಜಾರಿಗೆ ಪೆಟ್ಟು ಹೆಚ್ಚು, ಹಿಂದಿನ ಇಳಿಜಾರಿಗೆ ಕಡಿಮೆ. ಈ ಒಂದು ಸಂಗತಿಯಿಂದ ಹಣವನ್ನು ಉಳಿಸಬಹುದು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಲೆಕ್ಕ. ಮಂಗಳೂರು ಹೆಂಚು 100 ಚದರಡಿ ಮಾಡಿಗೆ ಸುಮಾರು 140 ಬೇಕಾಗುತ್ತದೆ. 30 ಅಡಿ ಉದ್ದ, 20 ಅಡಿ ಅಗಲದ ಮನೆಗೆ ಇಳಿಜಾರನ್ನು ಸೇರಿಸಿದರೆ ಮಾಡು ಸುಮಾರು 700 ಚದರಡಿಯಾಗುತ್ತದೆ; ಹೆಂಚು 980. ಇವುಗಳಲ್ಲಿ 250 ಒಡೆದವೆಂದು ಇಟ್ಟುಕೊಳ್ಳೋಣ. ನಾನು ಇಲ್ಲಿ ಹೇಳುವ ದರಗಳು ಲೆಕ್ಕದ ಕ್ರಮವನ್ನು ತೋರಿಸುವುದಕ್ಕಾಗಿ ಮಾತ್ರ. ತಮ್ಮ ತಮ್ಮ ಊರಿನ ದರವನ್ನು ಅಲ್ಲಿ ಹಾಕಿಕೊಳ್ಳಿರಿ. ಹೆಂಚೊಂದಕ್ಕೆ 40 ರೂಪಾಯಿಯಂತೆ 10,000 ರೂಪಾಯಿ. ಸಾಗಿಸುವಾಗಲೂ ಹೊದಿಸುವಾಗಲೂ ಒಡೆಯುವವುಗಳಿಗಾಗಿ ನೂರಕ್ಕೆ ಹತ್ತರಂತೆ ಇನ್ನು 25 ಹೆಂಚು, 1,000 ರೂಪಾಯಿ. ಬಾಡಿಗೆ 2,000. ಹೆಂಚಿನ ಕೆಲಸದವನು ಒಬ್ಬ, ಆಳುಗಳು ಇಬ್ಬರು, ಎರಡು ದಿವಸ. ದಿನಕ್ಕೆ 900 ಮತ್ತು 600ರಂತೆ 4,200. ಹೆಂಚು ಕೂತಿರುವ ಅಡ್ಡಪಟ್ಟಿ, ಅಂದರೆ ರೀಪು, ಅಲ್ಲಲ್ಲಿ ಮುರಿದಿರುವುದನ್ನು ಬದಲಿಸಲು 100 ಅಡಿಗೆ 2,000. ಒಟ್ಟು 19,200 ರೂಪಾಯಿ. ಇದರಲ್ಲಿ ಒಡೆದ ಹೆಂಚಿನ ಕ್ರಯವು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಒಡೆದ ಹೆಂಚನ್ನು ಎಣಿಸಿ, ಅದರ ಬೆಲೆಯೇ ರಿಪೇರಿಯ ಬೆಲೆಯೆಂದು ತಿಳಿದು ಕೆಲಸವನ್ನು ಹಿಡಿಯುವವನು ಅರ್ಧ ದಾರಿಯಲ್ಲಿ ಸಾಲಕ್ಕೆ ಹೋಗುತ್ತಾನೆ.

ಈಗ ಇದೇ ಮನೆಯವನು ಮುಂಗಾರು ಕಳೆಯಲಿ ಎಂದು ಸುಮ್ಮನಿದ್ದನೆನ್ನಿರಿ. ರೋಹಿಣಿ, ಮೃಗಶಿರೆ ಮಳೆಗಳ ನೀರು ರೀಪಿನ ಮೇಲೆ ನಿಂತು, ಮರವು ಕೊಳೆತು, ಗೆದ್ದಲು ಹತ್ತುತ್ತದೆ. ಆಗ ಒಂದು ಇಳಿಜಾರನ್ನು ಪೂರಾ ಬಿಚ್ಚಿ ಸುಮಾರು 350 ಅಡಿ ರೀಪನ್ನು ಬದಲಿಸಬೇಕು. 2,000ಕ್ಕೆ ಬದಲಾಗಿ 7,000, ಕೂಲಿಯೂ ಎರಡರಷ್ಟು. ಹೀಗೆ 9,200 ರೂಪಾಯಿ ಹೆಚ್ಚಾಗುತ್ತದೆ. ತೊಲೆ ಕೆಟ್ಟರೆ ಅದು ಬೇರೆ. ಮಣ್ಣಿನ ಗೋಡೆಯ ನೆತ್ತಿ ನೆನೆದು ಕುಸಿದರೆ ಅದರ ಲೆಕ್ಕವನ್ನು ನಾನು ಇಲ್ಲಿ ಹಾಕುವುದಿಲ್ಲ. ಆದುದರಿಂದ ಹಣ ಇಲ್ಲದಿದ್ದರೂ ಆ ಸಂಜೆಯೇ ಮಾಡತಕ್ಕ ಕೆಲಸವೊಂದಿದೆ: ತೂತಿನ ಮೇಲೆ ತಾಡಪಾಲನ್ನು ನೆತ್ತಿಯಿಂದ ಕೆಳಕ್ಕೆ ಇಳಿಬಿಟ್ಟು, ಗಾಳಿಗೆ ಹಾರದಂತೆ ಹಗ್ಗದಿಂದ ಬಿಗಿಯಬೇಕು. ಬರಿಯ ತೂತನ್ನು ಮಾತ್ರ ಮುಚ್ಚಿದರೆ ಮೇಲಿನಿಂದ ಹರಿದ ನೀರು ಅದರ ಅಡಿಗೆ ನುಗ್ಗುತ್ತದೆ. ಬೀಜದ ಚೀಲಗಳನ್ನು ಅದಕ್ಕೂ ಮುಂಚೆ ಒಣ ಕೋಣೆಗೆ ಸಾಗಿಸಿರಿ. ನೆನೆದ ಬೀಜಕ್ಕೆ ರಿಪೇರಿಯೆಂಬುದಿಲ್ಲ.

ಹೆಂಚನ್ನು ಕೊಳ್ಳುವ ಮುಂಚೆ ಇದ್ದ ಹೆಂಚನ್ನು ಪರೀಕ್ಷಿಸಿರಿ. ಕಣ್ಣಿಗೆ ಸರಿಯಾಗಿ ಕಾಣುವ ಹೆಂಚಿನಲ್ಲಿ ಕೂದಲೆಳೆಯ ಬಿರುಕು ಇರಬಹುದು. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಹೆಂಚು ಕಂಚಿನಂತೆ ನುಡಿಯುತ್ತದೆ. ಬಿರುಕು ಬಿಟ್ಟದ್ದು ಬೊದ್ದು ಶಬ್ದ ಮಾಡುತ್ತದೆ. ಗಡಿಗೆ ಕೊಳ್ಳುವಾಗ ನಮ್ಮ ಹೆಂಗಸರು ಮಾಡುವ ಪರೀಕ್ಷೆಯೇ ಇದು. ಇನ್ನೊಂದು ಮುಖ್ಯ ವಿಷಯ: ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಅನೇಕ ಕಾರ್ಖಾನೆಗಳು ಹುಟ್ಟಿಕೊಂಡವು, ಮತ್ತು ಎಲ್ಲರ ಅಚ್ಚೂ ಒಂದೇ ಅಲ್ಲ. ಒಂದು ಕಾರ್ಖಾನೆಯ ಹೆಂಚಿನ ಅಂಚು ಇನ್ನೊಂದರ ಗಾಡಿಯಲ್ಲಿ ಕೂರುವುದಿಲ್ಲ. ಕೂತಂತೆ ಕಂಡರೂ ಸೋರುತ್ತದೆ. ಹೆಂಚಿನ ಮೇಲೆ ಕಾರ್ಖಾನೆಯ ಮುದ್ರೆಯಿರುತ್ತದೆ. ಅದನ್ನು ಓದಿಕೊಂಡು, ಒಂದು ಹೆಂಚನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿರಿ.

ಅದೇ ಅಚ್ಚು ಸಿಕ್ಕದಿದ್ದರೆ? ಗಾಳಿಯ ಓರೆಯ ವಿಷಯ ಇಲ್ಲಿಯೇ ಉಪಯೋಗಕ್ಕೆ ಬರುತ್ತದೆ. ಪೆಟ್ಟು ತಿಂದ ಇಳಿಜಾರಿನಲ್ಲಿ ಉಳಿದಿರುವ ಒಳ್ಳೆಯ ಹೆಂಚುಗಳನ್ನೆಲ್ಲಾ ಇಳಿಸಿ, ಅವುಗಳಿಂದ ಹಿಂದಿನ ಇಳಿಜಾರಿನ ಅಲ್ಪಸ್ವಲ್ಪ ತೂತುಗಳನ್ನು ತುಂಬಿ, ಮಿಕ್ಕವುಗಳಿಂದ ಕೊಟ್ಟಿಗೆಯ ಮಾಡನ್ನು ಸರಿಮಾಡಿಕೊಳ್ಳಿರಿ. ಹೊಸ ಅಚ್ಚಿನ ಹೆಂಚನ್ನು ಒಂದು ಇಳಿಜಾರಿಗೆ ಪೂರ್ತಿಯಾಗಿ ಹೊದಿಸಿರಿ. ಕೊಳ್ಳುವುದು ಹೆಚ್ಚಾಗುವುದು ನಿಜ. ಆದರೆ ಕೊಟ್ಟಿಗೆಯ ಖರ್ಚು ಅದರಲ್ಲಿಯೇ ತೀರುತ್ತದೆ, ಮತ್ತು ಎರಡು ಜಾತಿಯ ಹೆಂಚನ್ನು ಬೆರೆಸಿದವನು ವರ್ಷ ವರ್ಷವೂ ಮಾಡು ಹತ್ತುವ ಕೂಲಿಯು ಉಳಿಯುತ್ತದೆ.

ನಾಡಹೆಂಚಿನ ಮನೆಯವರಿಗೆ ಈ ತೊಂದರೆಯಿಲ್ಲ, ಕೈಯಾಡಿಸಿದರೆ ಮುಗಿಯಿತು. ಮಾಳಿಗೆಯ ಮನೆಯವರು ಕಲ್ಲಿನ ರಾಶಿಯು ಕರಗುವ ಮುಂಚೆ ನೀರು ಹೊರಗೆ ಬೀಳುವ ದೋಣಿಯನ್ನು ಬಿಡಿಸಿದರೆ ಸಾಕು. ತಗಡಿನ ಮಾಡಿನವರಲ್ಲಿ ಅನೇಕರು ತಗ್ಗುಬಿದ್ದ ತಗಡನ್ನು ಕಂಡು ಹೊಸದನ್ನು ಕೊಳ್ಳಲು ಹೊರಡುತ್ತಾರೆ. ಇದು ವ್ಯರ್ಥ. ತೂತಿಲ್ಲದ ತಗ್ಗು ಸೋರುವುದಿಲ್ಲ. ಬೋಲ್ಟಿನ ಸುತ್ತ ಸಡಿಲವಾಗಿದೆಯೇ ಎಂಬುದನ್ನು ಮಾತ್ರ ನೋಡಿ ಬಿಗಿಸಿರಿ. ಸಿಮೆಂಟಿನ ಶೀಟೆಂದು ಕರೆಯುವ ಕಲ್ನಾರಿನ ಶೀಟಿನ ವಿಷಯದಲ್ಲಿ ಎಚ್ಚರಿಕೆ ಬೇಕು. ಬಿರುಕು ಬಿಟ್ಟ ಶೀಟಿನ ಮೇಲೆ ಕಾಲಿಟ್ಟರೆ ಮನುಷ್ಯನು ನೇರವಾಗಿ ಕೆಳಕ್ಕೆ ಬೀಳುತ್ತಾನೆ. ತೊಲೆಯಿಂದ ತೊಲೆಗೆ ಹಲಗೆಯನ್ನು ಹಾಕದೆ ಯಾರನ್ನೂ ಹತ್ತಿಸಬೇಡಿರಿ. ಅದರ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಅನೇಕ ವರ್ಷಗಳ ಮೇಲೆ ಕ್ಯಾನ್ಸರ್ ಮೊದಲಾದ ರೋಗಗಳನ್ನು ಉಂಟುಮಾಡುತ್ತದೆ. ಆದಕಾರಣ ಒಣಗಿದ್ದಾಗ ಗರಗಸ ಹಾಕಬಾರದು, ಚೂರುಗಳನ್ನು ಪುಡಿಮಾಡಿ ಅಂಗಳಕ್ಕೆ ಹಾಸಬಾರದು. ನೀರು ಚಿಮುಕಿಸಿ, ಇಡಿಯಾಗಿಯೇ ಇಳಿಸಬೇಕು.

ಸರ್ಕಾರದ ಸಹಾಯದ ವಿಷಯವನ್ನೂ ಹೇಳಬೇಕು. ಆಲಿಕಲ್ಲಿನ ಮಳೆಯು ವಿಪತ್ತು ಪರಿಹಾರ ನಿಧಿಗೆ ಸೇರಿದ ವಿಪತ್ತುಗಳಲ್ಲಿ ಒಂದು. ಕೇಂದ್ರ ಸರ್ಕಾರವು 2022-23ರಿಂದ 2025-26ರವರೆಗಿನ ಅವಧಿಗೆ ಗೊತ್ತುಮಾಡಿದ ಪ್ರಮಾಣದಂತೆ, ನೂರಕ್ಕೆ 15 ಭಾಗಕ್ಕೆ ಕಡಿಮೆಯಿಲ್ಲದೆ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000, ಮನೆಗೆ ಸೇರಿದ ದನದ ಕೊಟ್ಟಿಗೆಗೆ 3,000. ನಮ್ಮ ಲೆಕ್ಕದ 19,200ರ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ, ಇದು ಸಹಾಯವೇ ಹೊರತು ರಿಪೇರಿಯ ಪೂರ್ತಿ ಹಣವಲ್ಲವೆಂಬುದು ತಿಳಿಯುತ್ತದೆ. ಆದರೂ ಅದನ್ನು ಬಿಡತಕ್ಕದ್ದಲ್ಲ. ಒಡೆದುದನ್ನು ತೆಗೆದು ಹಾಕುವ ಮುಂಚೆ ಒಳಗಿನಿಂದಲೂ ಹೊರಗಿನಿಂದಲೂ ಭಾವಚಿತ್ರವನ್ನು ತೆಗೆಸಿ, ಗ್ರಾಮದ ಕಂದಾಯ ಅಧಿಕಾರಿಗೆ ಬರಹದ ಮೂಲಕ ತಿಳಿಸಿರಿ. ಮಾಡು ಹತ್ತಿದ ಗಡಿಬಿಡಿಯಲ್ಲಿ ಹೊಲವನ್ನು ಮರೆಯಬೇಡಿರಿ: ಬೆಳೆಗೆ ವಿಮೆ ಮಾಡಿಸಿದವರು ಆಲಿಕಲ್ಲು ಬಿದ್ದ 72 ಗಂಟೆಗಳೊಳಗಾಗಿ ತಿಳಿಸಬೇಕೆಂಬುದು ಫಸಲ್ ಬಿಮಾ ಯೋಜನೆಯ ನಿಯಮ. ಎಷ್ಟೋ ಮಂದಿ ನಾಲ್ಕನೆಯ ದಿನ ಬಂದು ನಮ್ಮ ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಾರೆ; ಆಗ ನಾವು ಹೇಳಬಹುದಾದ ಮಾತು ಬಹು ಕಡಿಮೆ.

ಮಿಕ್ಕ ಹಣಕ್ಕೆ ಸಾಲವೇ ಗತಿಯಾದರೆ ಬಡ್ಡಿಯನ್ನೂ ಮಾಡಿನ ಖರ್ಚಿಗೇ ಸೇರಿಸಿ ನೋಡಿರಿ. ತಿಂಗಳಿಗೆ ನೂರಕ್ಕೆ ಮೂರರಂತೆ 19,200ಕ್ಕೆ ವರ್ಷಕ್ಕೆ 6,912 ರೂಪಾಯಿ ಬಡ್ಡಿ. ಒಡೆದ 250 ಹೆಂಚಿನ ಮೇಲೆ ಇನ್ನು 170 ಹೆಂಚು ಒಡೆದಂತಾಯಿತು. ಸಹಕಾರ ಸಂಘದಲ್ಲಿ ಕೇಳದೆ ಹೊರಗೆ ಕೈಚಾಚಬೇಡಿರಿ.

ಇಲ್ಲಿ ಗ್ರಾಮದ ಯಜಮಾನರಾದ ತಮ್ಮ ಕೆಲಸವು ಬರುತ್ತದೆ. ಆಲಿಕಲ್ಲು ಒಂದು ಮನೆಯ ಮೇಲೆ ಮಾತ್ರ ಬೀಳುವುದಿಲ್ಲ. ಮರುದಿನ ಊರಿಗೆ ಊರೇ ಒಂದೇ ಅಂಗಡಿಗೆ ಹೋಗಿ ನಿಂತರೆ ದರವು ಏರದೆ ಏನು ಮಾಡೀತು? ಮನೆಮನೆಯ ಹೆಂಚನ್ನು ಎಣಿಸಿ ಒಂದು ಪಟ್ಟಿ ಮಾಡಿ, ಲಾರಿಯ ಲೆಕ್ಕದಲ್ಲಿ ಒಟ್ಟಿಗೆ ತರಿಸಿದರೆ ಬಾಡಿಗೆಯೂ ಹಂಚಿಹೋಗುತ್ತದೆ, ಕ್ರಯದಲ್ಲಿಯೂ ಮಾತಿಗೆ ಅವಕಾಶವಿರುತ್ತದೆ. ಪಟ್ಟಿಯ ತಲೆಯಲ್ಲಿ ಗಂಡಸರಿಲ್ಲದ ಮನೆಗಳೂ ಬಾಣಂತಿಯರಿರುವ ಮನೆಗಳೂ ಇರಲಿ. ಹಿಡುವಳಿಯ ಗಾತ್ರದ ಪ್ರಕಾರ ಪಟ್ಟಿ ಮಾಡುವ ರೂಢಿ ಕೆಲವು ಕಡೆ ಇದೆ, ಅದು ನನಗೆ ಒಪ್ಪಿಗೆಯಿಲ್ಲ. ಹತ್ತು ತಾಡಪಾಲುಗಳನ್ನು ಸಂಘದ ಉಗ್ರಾಣದಲ್ಲಿ ಇರಿಸಿದರೆ ಮೊದಲ ರಾತ್ರಿಯು ಕಳೆಯುತ್ತದೆ.

ಪ್ರತಿ ಮನೆಯವರೂ ಅದೇ ಅಚ್ಚಿನ ಹೆಂಚನ್ನು ನೂರಕ್ಕೆ ಐದರಂತೆ ಹೆಚ್ಚಾಗಿ ಕೊಂಡಿಟ್ಟುಕೊಳ್ಳುವುದು ಲೇಸು. ಅವುಗಳನ್ನು ಒಂದರ ಮೇಲೊಂದು ಮಲಗಿಸಿ ಪೇರಿಸಬಾರದು, ಅಡಿಯವು ಭಾರಕ್ಕೆ ಸೀಳುತ್ತವೆ; ಗೋಡೆಯ ಬದಿಯಲ್ಲಿ, ಮಳೆಯ ನೀರು ಹರಿಯದ ಕಡೆ, ಅಂಚಿನ ಮೇಲೆ ನಿಲ್ಲಿಸಿ ಸಾಲಾಗಿ ಜೋಡಿಸತಕ್ಕದ್ದು.