ನಾಲ್ಕನೆಯ ಡಬ್ಬಿ

(ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಕಾರ್ಯದರ್ಶಿಯವರು ಫೋನು ಮಾಡಿ, "ಅಕ್ಕಾ, ಬೆಳಿಗ್ಗೆ ಬೇಗ ಆಗುವ, ಆರೋಗ್ಯಕ್ಕೂ ಒಳ್ಳೆಯದಾದ ಡಬ್ಬಿಯ ಬಗ್ಗೆ ನೀವು ಮಾತಾಡಬೇಕು" ಎಂದಾಗ ನನಗೆ ನಗು ಬಂತು. ನಾನು ಆಹಾರ ತಜ್ಞೆಯಲ್ಲ, ಪಾಕಪ್ರವೀಣೆಯೂ ಅಲ್ಲ. ಆದರೆ ಡೊಂಬಿವಲಿಯಿಂದ ಫೋರ್ಟಿಗೆ ಮೂವತ್ತು ವರ್ಷ ಲೋಕಲ್ ರೈಲಿನಲ್ಲಿ ಓಡಾಡಿ, ಅಷ್ಟೂ ವರ್ಷ ಡಬ್ಬಿ ಕಟ್ಟಿದವಳು. ಆ ಒಂದು ಯೋಗ್ಯತೆಯ ಮೇಲೆ ನಿಮ್ಮ ಮುಂದೆ ನಿಂತಿದ್ದೇನೆ.

ಮೊದಲು ಒಂದು ಪ್ರಶ್ನೆ. ಬೆಳಿಗ್ಗೆ ಮನೆಯವರಿಗೆ ಡಬ್ಬಿ ಕಟ್ಟುವವರು ಕೈ ಎತ್ತಿ. ಹೆಚ್ಚುಕಡಿಮೆ ಎಲ್ಲರೂ ಎತ್ತಿದಿರಿ. ಸರಿ, ಮಧ್ಯಾಹ್ನದ ನಿಮ್ಮ ಊಟವನ್ನೂ ಅದೇ ಹೊತ್ತಿಗೆ, ಅಷ್ಟೇ ಅಕ್ಕರೆಯಿಂದ ತೆಗೆದಿಡುವವರು ಮಾತ್ರ ಕೈ ಎತ್ತಿ. ನೋಡಿ, ಅರ್ಧಕ್ಕರ್ಧ ಕೈಗಳು ಇಳಿದವು. ನಾನು ಮಾತಾಡಬೇಕೆಂದುಕೊಂಡು ಬಂದದ್ದು ಈ ಇಳಿದ ಕೈಗಳ ಬಗ್ಗೆಯೇ.

ಸುಮಾರು ಹದಿನಾರು ವರ್ಷದ ಹಿಂದಿನ ಮಾತು. ಮಗ ಎಂಟನೆಯ ತರಗತಿ, ಮಗಳು ಐದನೆಯದು. ಯಜಮಾನರದು ಠಾಣೆಯಲ್ಲಿ ಕೆಲಸ. ಬೆಳಿಗ್ಗೆ ಐದೂವರೆಗೆ ಎದ್ದು ಮೂರು ಡಬ್ಬಿ ಕಟ್ಟುತ್ತಿದ್ದೆ. ಅವರಿಗೆ ಚಪಾತಿ-ಪಲ್ಯ, ಮಗನಿಗೆ ಪಲಾವು, ಮಗಳಿಗೆ ಅವಳ ಇಷ್ಟದ ತುಪ್ಪದ ದೋಸೆ. ಏಳು ಕಾಲಿನ ಫಾಸ್ಟ್ ಹಿಡಿಯುವ ಗಡಿಬಿಡಿಯಲ್ಲಿ ನನ್ನ ಪಾಲಿಗೆ ಉಳಿಯುತ್ತಿದ್ದದ್ದು ಬಾಣಲೆಯ ತಳ. ಅದಿದ್ದರೆ ಅದು, ಇಲ್ಲದಿದ್ದರೆ ಮಧ್ಯಾಹ್ನ ಆಫೀಸಿನ ಕೆಳಗಿನ ವಡಾಪಾವು, ಎರಡು ಕಟಿಂಗ್ ಚಹಾ. ಇದರಲ್ಲಿ ಏನೋ ತಪ್ಪಿದೆ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ತಾಯಿಯಾದವಳು ಹೀಗೇ ಇರುತ್ತಾಳೆ ಎಂದು ಒಳಗೊಳಗೇ ಹೆಮ್ಮೆಯೂ ಇತ್ತೋ ಏನೋ.

ಒಂದು ಸಂಜೆ ವಾಪಸು ಬರುವಾಗ, ದಾದರ್ ದಾಟಿದ ಮೇಲೆ, ನಿಂತಲ್ಲೇ ಕಣ್ಣು ಕತ್ತಲೆ ಬಂತು. ಲೇಡೀಸ್ ಡಬ್ಬದ ಆ ನೂಕುನುಗ್ಗಲಿನಲ್ಲಿ ಬೀಳುವುದಕ್ಕೂ ಜಾಗ ಇರಲಿಲ್ಲ, ಹಾಗಾಗಿ ಉಳಿದೆ. ಯಾರೋ ಎದ್ದು ಜಾಗ ಕೊಟ್ಟರು, ಯಾರೋ ನೀರು ಕುಡಿಸಿದರು. ಗುರುತು ಪರಿಚಯವಿಲ್ಲದ ಒಬ್ಬ ಮರಾಠಿ ಹೆಂಗಸು ತನ್ನ ಡಬ್ಬಿ ತೆಗೆದು, ಉಳಿದಿದ್ದ ಅರ್ಧ ಚಪಾತಿಗೆ ಮೆಂತ್ಯದ ಪಲ್ಯ ಸುತ್ತಿ, "ಆಧೀ ಖಾ ಗ" ಅಂತ ಕೈಗಿಟ್ಟಳು. ಮೊದಲು ತಿನ್ನು, ಮಾತು ಆಮೇಲೆ ಅಂತ. ಆ ತಣ್ಣಗಿನ ಅರ್ಧ ಚಪಾತಿಯ ರುಚಿ ಇವತ್ತಿಗೂ ನಾಲಗೆಯ ಮೇಲಿದೆ.

ಮರುದಿನ ರಕ್ತಪರೀಕ್ಷೆ ಆಯಿತು. ಹಿಮೋಗ್ಲೋಬಿನ್ 8. ಗರ್ಭಿಣಿಯಲ್ಲದ ಹೆಂಗಸರಿಗೆ ಅದು 12 ಆದರೂ ಇರಬೇಕು. ಡಾಕ್ಟರರು ಮಾತ್ರೆ ಬರೆಯುವ ಮೊದಲು ಕೇಳಿದ್ದು ಒಂದೇ ಮಾತು: "ಮಧ್ಯಾಹ್ನ ಏನು ಊಟ ಮಾಡುತ್ತೀರಿ?" ನನಗೆ ಉತ್ತರವೇ ಹೊರಡಲಿಲ್ಲ. ಮನೆಯಲ್ಲಿ ಬೇರೆ ಯಾರ ಮಧ್ಯಾಹ್ನದ ಊಟ ಕೇಳಿದ್ದರೂ ಒಂದು ವಾರದ ಪಟ್ಟಿ ಒಪ್ಪಿಸುತ್ತಿದ್ದೆ.

ಇದು ನನ್ನೊಬ್ಬಳ ಕಥೆ ಎಂದುಕೊಳ್ಳಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಅದಕ್ಕೆ ಕಾರಣ ಹಲವು, ಊಟ ಅದರಲ್ಲಿ ಒಂದು. ಆದರೆ ನಮ್ಮ ಕೈಯಲ್ಲಿರುವುದು ಅದೇ ತಾನೇ?

ನಾವಿರುವುದು ಡಬ್ಬಿಯಿಂದಲೇ ಹೆಸರಾದ ಊರಿನಲ್ಲಿ. 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಎಂಬವರು ನೂರರಷ್ಟು ಜನರನ್ನು ಕಟ್ಟಿಕೊಂಡು ಆರಂಭಿಸಿದ ಡಬ್ಬಾವಾಲಾ ವ್ಯವಸ್ಥೆಯನ್ನು ಇಂದು ಜಗತ್ತೇ ಕೊಂಡಾಡುತ್ತದೆ. ಆದರೆ ಆ ಕಥೆಯಲ್ಲಿ ಬಹುಮಟ್ಟಿಗೆ ಕಟ್ಟುವವಳು ಮನೆಯಲ್ಲಿ, ಉಣ್ಣುವವನು ಆಫೀಸಿನಲ್ಲಿ. ಈಗ ಕಟ್ಟುವವಳೂ ಲೋಕಲ್ ಹತ್ತುತ್ತಾಳೆ. ಲೆಕ್ಕ ಮಾತ್ರ ಹಳೆಯದೇ ಉಳಿದಿದೆ.

ನಮ್ಮ ಮನೆಯ ಲೆಕ್ಕ ಬದಲಿಸಿದವರು ನಮ್ಮ ಅತ್ತೆ. ಸುದ್ದಿ ಕೇಳಿ ಗದಗದಿಂದ ರೊಟ್ಟಿಯ ಗಂಟು ಹೊತ್ತುಕೊಂಡು ಬಂದರು. ಮೊದಲನೆಯ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಕುಳಿತು, ನಾನು ಡಬ್ಬಿ ಕಟ್ಟುವುದನ್ನು ಸುಮ್ಮನೆ ನೋಡಿದರು. ಕೊನೆಗೆ, "ಇದು ಅವಂದು, ಇವು ಎರಡು ಹುಡುಗರವು. ನಿಂದೆಲ್ಲೈತವ್ವಾ?" ಎಂದರು. "ಇಲ್ಲರೀ ಅತ್ತಿ, ನಾ ಅಲ್ಲೇ ಏನರೆ ತಿಂತೀನಿ" ಎಂದೆ. ಅವರು, "ಹೊಲಕ್ಕ ಬುತ್ತಿ ಒಯ್ದಾಗ ನಾನೂ ಅದ್ರಾಗ ಕುಂತು ಉಂಡೀನಿ. ಹೊತ್ತಾಕಿಗೆ ಹಸಿವಿಲ್ಲೇನು?" ಎಂದರು.

ನಮ್ಮ ಕಡೆ ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಎಲ್ಲರೂ ಸುತ್ತ ಕೂತು ಉಣ್ಣುತ್ತಾರೆ. ಭೂಮಿತಾಯಿಗೂ ಪಾಲು, ಕಟ್ಟಿದವಳಿಗೂ ಪಾಲು. ಆ ಬುತ್ತಿಯನ್ನು ಮುಂಬಯಿಗೆ ತಂದು ಡಬ್ಬಿ ಮಾಡಿಕೊಂಡಾಗ ನನ್ನ ಪಾಲನ್ನು ನಾನೇ ಊರಲ್ಲಿ ಬಿಟ್ಟು ಬಂದಿದ್ದೆ. ಮರುದಿನದಿಂದ ಕಟ್ಟೆಯ ಮೇಲೆ ನಾಲ್ಕು ಡಬ್ಬಿಗಳನ್ನು ಸಾಲಾಗಿ ತೆರೆದಿಡುವುದು ಶುರುವಾಯಿತು. ನಾಲ್ಕಕ್ಕೂ ಬಡಿಸಿದ ಮೇಲೆಯೇ ಮುಚ್ಚಳ. ಸಾಲದೆ ಹೋದರೆ ನಾಲ್ಕರಲ್ಲೂ ಒಂದೊಂದು ತುತ್ತು ಕಡಿಮೆ.

"ಹೇಳುವುದು ಸುಲಭ, ಬೆಳಿಗ್ಗೆ ಸಮಯ ಎಲ್ಲಿದೆ?" ಎನ್ನುತ್ತೀರಿ. ನಿಜ. ಮೂರು ಬಗೆಯ ಮೂರು ಡಬ್ಬಿ ಮಾಡುವಾಗ ನಾಲ್ಕನೆಯದಕ್ಕೆ ಸಮಯ ಸಿಗುವುದಿಲ್ಲ. ಹಾಗಾಗಿ ಮೊದಲು ನಿಲ್ಲಿಸಿದ್ದು ಅದನ್ನೇ. ಮನೆಗೆಲ್ಲ ಒಂದೇ ಅಡುಗೆ. ಮಕ್ಕಳು ಒಂದು ವಾರ ಮುಖ ಊದಿಸಿಕೊಂಡರು, ಎರಡನೆಯ ವಾರ ತಿಂದರು.

ಎರಡನೆಯದು, ಕೆಲಸವನ್ನು ರಾತ್ರಿಗೆ ಹಂಚಿಕೊಳ್ಳುವುದು. ಊಟವಾದ ಮೇಲೆ ಹದಿನೈದು ನಿಮಿಷ ಸಾಕು. ತರಕಾರಿ ಹೆಚ್ಚಿ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿಗೆ, ಸೊಪ್ಪು ಬಿಡಿಸಿ ಬಟ್ಟೆಯಲ್ಲಿ ಸುತ್ತಿಡುವುದು, ಕಾಳು ನೆನೆಹಾಕುವುದು. ಟಿವಿ ನೋಡುತ್ತಾ ಕೂತವರ ಮುಂದೆ ಬಟಾಣಿ ಬುಟ್ಟಿ ಇಟ್ಟರೆ ಕೈ ತಾನಾಗಿ ಸುಲಿಯುತ್ತದೆ, ಅದು ಯಜಮಾನರ ಕೈಯಾದರೂ ಸರಿ! ಭಾನುವಾರ ಹೆಸರುಕಾಳು, ಅಲಸಂದೆ, ಕಡಲೆ ನೆನೆಸಿ, ಹೆಸರನ್ನು ಮೊಳಕೆಗೆ ಕಟ್ಟಿ, ಉಳಿದದ್ದನ್ನು ಬೇಯಿಸಿ ಆರಿಸಿ ಒಂದೊಂದು ದಿನಕ್ಕಾಗುವಷ್ಟು ಫ್ರೀಜರಿನಲ್ಲಿಟ್ಟರೆ ವಾರದ ಚಿಂತೆ ಅರ್ಧ ಇಳಿಯಿತು.

ಮೂರನೆಯದು, ಡಬ್ಬಿಯಲ್ಲಿ ಏನೆಷ್ಟು ಎನ್ನುವುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣು ಇರಬೇಕು ಎಂದಿದೆ. ನಮ್ಮ ಡಬ್ಬಿ ನೋಡಿದರೆ ಮುಕ್ಕಾಲು ಅನ್ನ, ಮೂಲೆಯಲ್ಲಿ ಉಪ್ಪಿನಕಾಯಿ. ನಾನು ಇಟ್ಟುಕೊಂಡದ್ದು ಸರಳ ಲೆಕ್ಕ: ಅನ್ನವೋ ರೊಟ್ಟಿಯೋ ಒಂದು, ಕಾಳು ಅಥವಾ ಬೇಳೆ ಒಂದು, ಸೊಪ್ಪು ಅಥವಾ ತರಕಾರಿ ಒಂದು, ಜೊತೆಗೆ ಹುಳಿ ಒಂದು. ನಾಲ್ಕೂ ಇವೆಯೇ ಎಂದು ಮುಚ್ಚಳ ಹಾಕುವಾಗ ನೋಡಿದರೆ ಆಯಿತು.

ಹುಳಿ ಏಕೆಂದರೆ, ಸೊಪ್ಪು-ಕಾಳುಗಳಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಲು ನಿಂಬೆ, ನೆಲ್ಲಿ, ಟೊಮೆಟೊದಲ್ಲಿರುವ ಸಿ ಜೀವಸತ್ವ ನೆರವಾಗುತ್ತದೆ. ನಿಂಬೆಹಣ್ಣನ್ನು ಒಲೆಯ ಮೇಲಿರುವಾಗ ಹಿಂಡಬೇಡಿ, ಇಳಿಸಿ ಆರಿದ ಮೇಲೆ ಹಿಂಡಿ. ಇಲ್ಲವೇ ಒಂದು ಹೋಳನ್ನು ಡಬ್ಬಿಯಲ್ಲೇ ಇಡಿ. ಹಾಗೆಯೇ ಊಟದ ಜೊತೆ, ಊಟವಾದ ಕೂಡಲೇ ಚಹಾ ಬೇಡ. ಅದು ಕಬ್ಬಿಣಾಂಶವನ್ನು ಹತ್ತಗೊಡುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಎರಡು ಕಟಿಂಗ್‌ನಲ್ಲಿ ಮಧ್ಯಾಹ್ನ ಕಳೆಯುತ್ತಿದ್ದ ನನಗೆ ಇದು ಬಲು ಕಷ್ಟದ ಪಾಠವಾಗಿತ್ತು.

ಇನ್ನು ನಮ್ಮ ಮನೆಯ ವಾರ ಹೀಗಿತ್ತು. ಸೋಮವಾರ ಮೆಂತ್ಯ-ರಾಗಿ ಚಪಾತಿ. ಎರಡು ಪಾಲು ಗೋಧಿಹಿಟ್ಟಿಗೆ ಒಂದು ಪಾಲು ರಾಗಿಹಿಟ್ಟು, ಹಿಡಿ ತುಂಬ ಹೆಚ್ಚಿದ ಮೆಂತ್ಯಸೊಪ್ಪು, ಜೀರಿಗೆ, ಎರಡು ಚಮಚ ಮೊಸರು ಹಾಕಿ ಬಿಸಿನೀರಿನಲ್ಲಿ ಕಲಸಿದರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಜೊತೆಗೆ ಟೊಮೆಟೊ ಹಾಕಿದ ಕಡಲೆ ಉಸಲಿ.

ಮಂಗಳವಾರ ಹೆಸರುಕಾಳಿನ ದೋಸೆ. ಎರಡು ಬಟ್ಟಲು ಹೆಸರುಕಾಳಿನ ಜೊತೆ ಒಂದು ಹಿಡಿ ಅಕ್ಕಿ ರಾತ್ರಿ ನೆನೆಸಿ, ಬೆಳಿಗ್ಗೆ ಹಸಿಮೆಣಸು, ಶುಂಠಿ ಸೇರಿಸಿ ರುಬ್ಬಿದರೆ ಮುಗಿಯಿತು. ಹುಳಿ ಬರಿಸುವ ಕೆಲಸವಿಲ್ಲ. ಮೇಲೆ ತುರಿದ ಗಜ್ಜರಿ, ಈರುಳ್ಳಿ ಉದುರಿಸಿ. ಡಬ್ಬಿಗೆ ಕಾಯಿಚಟ್ನಿ ಬೇಡ, ನಮ್ಮ ಮುಂಬಯಿ ಸೆಕೆಯಲ್ಲಿ ಹಳಸುತ್ತದೆ. ಶೇಂಗಾ ಚಟ್ನಿಪುಡಿಯೋ ಗುರೆಳ್ಳು ಪುಡಿಯೋ ಇಟ್ಟು, ಪಕ್ಕದಲ್ಲಿ ಒಂದು ಕಿತ್ತಳೆ.

ಬುಧವಾರ ಚಿತ್ರಾನ್ನ, ಆದರೆ ಬರಿಯ ಅನ್ನದ್ದಲ್ಲ. ಒಗ್ಗರಣೆಯಲ್ಲಿ ಶೇಂಗಾ, ಹಬೆಯಲ್ಲಿ ಬೇಯಿಸಿದ ಮೊಳಕೆ ಹೆಸರು, ಬೀನ್ಸು, ಗಜ್ಜರಿ ಹಾಕಿ ಬಾಡಿಸಿ, ಅವೆಲ್ಲ ಎಷ್ಟಾಯಿತೋ ಅಷ್ಟೇ ಅನ್ನ ಬೆರೆಸಿ.

ಗುರುವಾರ ಅತ್ತೆಯ ದಿನ. ಕಟಕ ಜೋಳದ ರೊಟ್ಟಿ, ಅಲಸಂದೆಕಾಳು ಪಲ್ಯ, ಸವತಿಕಾಯಿ, ಮೂಲಂಗಿ ಸೊಪ್ಪಿನ ಪಚಡಿ. ರೊಟ್ಟಿ ಊರಿನಿಂದ ಬಂದಿರುತ್ತಿತ್ತು, ಹಾಗಾಗಿ ಇಪ್ಪತ್ತು ನಿಮಿಷದ ಕೆಲಸ. ಕರಾವಳಿಯ ಸೋದರಿಯರು ಇದೇ ಲೆಕ್ಕಕ್ಕೆ ಪುಂಡಿ, ಹೆಸರುಕಾಳು ಉಪ್ಕರಿ, ಹರಿವೆ ಪಲ್ಯ ಹೊಂದಿಸಿಕೊಳ್ಳಬಹುದು.

ಶುಕ್ರವಾರ ಮೊಸರನ್ನ. ಮೆತ್ತಗಿನ ಅನ್ನವನ್ನು ಹಿಸುಕಿ, ಕಾಯಿಸಿ ಬೆಚ್ಚಗಾದ ಹಾಲು ಹೆಚ್ಚು, ಮೊಸರು ಒಂದೇ ಚಮಚ ಹಾಕಿ ಕಲಸಿದರೆ ಊಟದ ಹೊತ್ತಿಗೆ ಹದವಾಗಿರುತ್ತದೆ, ಹುಳಿಯಾಗುವುದಿಲ್ಲ. ದಾಳಿಂಬೆ ಕಾಳು, ತುರಿದ ಗಜ್ಜರಿ ಸೇರಿಸಿ, ಪಕ್ಕದಲ್ಲಿ ಬೇಯಿಸಿದ ಶೇಂಗಾ. ಸಂಜೆಯ ಹಸಿವಿಗೆ ಬಿಸ್ಕತ್ತಿನ ಬದಲು ಅಳ್ವಿ ಉಂಡೆ. ನಮ್ಮ ನೆರೆಯ ಮರಾಠಿಯವರು ಬಾಣಂತಿಯರಿಗೆ ಕೊಡುವ ಅಳೀವ ಲಾಡು ಇದೇ. ಕಬ್ಬಿಣಾಂಶ ಚೆನ್ನಾಗಿದೆ. ಬಾಣಂತನ ಮುಗಿದ ಮೇಲೆ ತಿನ್ನಬಾರದು ಎಂದು ಯಾರೂ ಹೇಳಿಲ್ಲವಲ್ಲ!

ಇನ್ನೆರಡು ಮಾತು. ರಾತ್ರಿ ಮಿಕ್ಕ ಅನ್ನವನ್ನು ಹೊರಗೇ ಬಿಟ್ಟು ಬೆಳಿಗ್ಗೆ ಒಗ್ಗರಣೆ ಹಾಕಬೇಡಿ. ಬೇಗ ತಣಿಸಿ ಫ್ರಿಜ್ಜಿನಲ್ಲಿಟ್ಟದ್ದನ್ನು ಮಾತ್ರ ಚೆನ್ನಾಗಿ ಬಿಸಿ ಮಾಡಿ ಬಳಸಿ. ಮಕ್ಕಳ ಡಬ್ಬಿ ಮಾಡುವಾಗ ಶಾಲೆಯ ಬಿಡುವು ಎಷ್ಟು ಹೊತ್ತು ಎಂದು ಕೇಳಿಕೊಳ್ಳಿ. ನನ್ನ ಮಗಳು ದಿನಾ ಅರ್ಧ ಡಬ್ಬಿ ವಾಪಸು ತರುತ್ತಿದ್ದಳು. ಬೈದು ಬೈದು ಸಾಕಾಗಿ ಒಂದು ದಿನ ಕೇಳಿದರೆ, "ಅಮ್ಮಾ, ಕೈ ತೊಳೆಯುವ ಸಾಲಿನಲ್ಲೇ ಅರ್ಧ ಹೊತ್ತು ಹೋಗುತ್ತೆ" ಎಂದಳು. ಅಂದಿನಿಂದ ದೋಸೆಯನ್ನು ಸುರುಳಿ ಸುತ್ತಿ, ಎರಡು ತುಂಡು ಮಾಡಿ ಹಾಕತೊಡಗಿದೆ. ಡಬ್ಬಿ ಖಾಲಿಯಾಗಿ ಬಂತು.

ಮಾತ್ರೆ ಮತ್ತು ಈ ಊಟ ಎರಡೂ ಸೇರಿ ಏಳೆಂಟು ತಿಂಗಳಲ್ಲಿ ನನ್ನ ಹಿಮೋಗ್ಲೋಬಿನ್ 12ರ ಹತ್ತಿರ ಬಂತು. ಯಾರಿಗಾದರೂ ಸುಸ್ತು, ಏದುಸಿರು ಇದ್ದರೆ ದಯವಿಟ್ಟು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಡಬ್ಬಿ ಒಂದೇ ಔಷಧಿಯಲ್ಲ.

ಅತ್ತೆ ಈಗ ಇಲ್ಲ. ಮಗಳಿಗೆ ಮದುವೆಯಾಗಿ ಪುಣೆಯಲ್ಲಿದ್ದಾಳೆ, ಅವಳಿಗೂ ಕೆಲಸ, ಅವಳಿಗೂ ಒಂದು ಪುಟ್ಟ ಮಗು. ಹೋದ ತಿಂಗಳು ಅವಳ ಮನೆಗೆ ಹೋಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಅಳಿಯಂದಿರು ಚಪಾತಿ ಬೇಯಿಸುತ್ತಿದ್ದರು, ಇವಳು ಪಲ್ಯ ತುಂಬುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, ಬಾಯಿ ಬಿಡದೆ ಡಬ್ಬಿ ಎಣಿಸಿದೆ. ಅವಳು ತಿರುಗಿ ನೋಡಿ, "ಇದೆಯಮ್ಮಾ, ನಂದೂ ಇದೆ" ಎಂದಳು.

ಸೋದರಿಯರೇ, ನಾಳೆ ಸೋಮವಾರ. ಮುಚ್ಚಳ ಹಾಕುವ ಮುನ್ನ ಒಮ್ಮೆ ಎಣಿಸಿ ನೋಡಿ. ಮನೆಯಲ್ಲೇ ಇರುವವರೂ ನಿಮ್ಮ ಪಾಲನ್ನು ಒಂದು ಡಬ್ಬಿಗೆ ಹಾಕಿಟ್ಟು ಹೊತ್ತಿಗೆ ಸರಿಯಾಗಿ ಉಣ್ಣಿ.