ಹೊರನಾಡಿನ ರಾತ್ರಿ ರೈಲಿನಲ್ಲಿ ನಿದ್ದೆ



ರಾಮಮೂರ್ತಿ ನಗರದವರಿಗೆ ರಾತ್ರಿ ರೈಲು ಹೊಸದಲ್ಲ. ಕೃಷ್ಣರಾಜಪುರ ನಿಲ್ದಾಣ ಹತ್ತಿರದಲ್ಲಿಯೇ ಇದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಡುವಿನ ಬರ್ತ್ ಬಿಡಿಸಿ ಮಲಗುವ ನಿಯಮವನ್ನು ಅವರು ಬಲ್ಲರು. ಯುರೋಪಿನ ರಾತ್ರಿ ರೈಲುಗಳಲ್ಲಿ ಸಾಮಾನ್ಯವಾಗಿ ಮೂರು ಬಗೆ: ಬರಿಯ ಆಸನ, 4 ಅಥವಾ 6 ಮಂದಿ ಮಲಗುವ ಕೋಣೆ, ಒಬ್ಬರಿಂದ ಮೂವರಿಗೆ ಹಾಸಿಗೆಯುಳ್ಳ ಕೋಣೆ. ಆಸನದ ಟಿಕೆಟು ಅಗ್ಗವಾದರೂ ನಿದ್ದೆ ಕೆಟ್ಟು ಮರುದಿನವೇ ಹಾಳಾಗುತ್ತದೆ. ಮಲಗುವ ಕೋಣೆಯಲ್ಲಿ ದಿಂಬು, ಹೊದಿಕೆ ದೊರೆಯುತ್ತವೆ. ಕಿವಿಗೆ ಹತ್ತಿ, ಕಣ್ಣಿಗೆ ಪಟ್ಟಿ, ಕುಡಿಯುವ ನೀರು ತಲೆಯ ಬಳಿ ಇರಲಿ. ಗಡಿಯಲ್ಲಿ ಎಬ್ಬಿಸಿ ಕೇಳಬಹುದಾದ ಪಾಸ್‌ಪೋರ್ಟು ಕೈಗೆ ಸಿಗುವಂತಿರಲಿ.

ಜರ್ಮನಿಯ ರೈಲ್ವೆಯು 2016ರ ಡಿಸೆಂಬರಿನಲ್ಲಿ ತನ್ನ ಶಯನ ರೈಲುಗಳನ್ನು ಕೈಬಿಟ್ಟಿತು. ಆಸ್ಟ್ರಿಯದ ರೈಲ್ವೆಯು ಕೆಲವು ಮಾರ್ಗಗಳನ್ನು ವಹಿಸಿಕೊಂಡು ‘ನೈಟ್‌ಜೆಟ್’ ಹೆಸರಿನಲ್ಲಿ ಓಡಿಸಿತು. ವಿಮಾನಕ್ಕಿಂತ ರೈಲು ಗಾಳಿಗೆ ಸೇರಿಸುವ ಇಂಗಾಲ ಬಹಳ ಕಡಿಮೆ. ಚೆನ್ನಾಗಿ ನಿದ್ರಿಸಿದವನು ಮತ್ತೆ ರೈಲನ್ನೇ ಹತ್ತುತ್ತಾನೆ. ಹತ್ತುವವರಿದ್ದರೆ ಮಾತ್ರ ರೈಲು ಉಳಿಯುತ್ತದೆ.